ತಾರಕಂಠವೂ ಪಾಠಕಗುಣವೂ

ಪ್ರಾಯಕ್ಕೆ ಬಂದ ಪುರುಷನ ಕಂಠವು ತಾರವಾಗಿಯೇ ಉಳಿದರೆ ಲೋಕವು ನಗುವುದುಂಟು. ಅವನೂ ಸಭೆಯಲ್ಲಿ ಬಾಯ್ದೆರೆಯಲು ಅಂಜುವನು. ಶಾಸ್ತ್ರದ ನಿರ್ಣಯವು ಬೇರೆ. ಪಾಣಿನೀಯ ಶಿಕ್ಷೆಯು ಎಣಿಸುವ ಪಾಠಕಗುಣಗಳು 6: ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ. ಇವುಗಳಲ್ಲಿ ಮಂದ್ರತೆಯು ಸೇರಿಲ್ಲ. ಶಿರೋಗತವಾದ ಪಠನವನ್ನು ಆ ಗ್ರಂಥವೇ ದೋಷಗಳಲ್ಲಿ ಎಣಿಸಿದೆಯಲ್ಲಾ ಎಂದರೆ, ತೃತೀಯಸವನಕ್ಕೆ ಅದೇ ಸ್ವರವನ್ನು ವಿಧಿಸಿಯೂ ಇದೆ. ಆದುದರಿಂದ ದೋಷವಿರುವುದು ಅಸ್ಥಾನಪ್ರಯೋಗದಲ್ಲಿ, ಸ್ವರದಲ್ಲಲ್ಲ.

ಯೌವನಾರಂಭದಲ್ಲಿ ಧ್ವನಿತಂತುಗಳು ನೀಳವೂ ದಪ್ಪವೂ ಆಗಿ ಸ್ವರವು ಇಳಿಯುವುದು ಸಹಜ. ತಂತುಗಳು ಬೆಳೆದಿದ್ದರೂ ಅಭ್ಯಾಸಬಲದಿಂದ ಬಾಲ್ಯದ ಸ್ಥಾಯಿಯೇ ನಿಂತಿದ್ದರೆ, ವೈದ್ಯರು ವಿಧಿಸುವ ಧ್ವನಿಶಿಕ್ಷಣದಿಂದ ಅದು ಬಹುಮಟ್ಟಿಗೆ ಇಳಿಯುವುದು. ದೇಹರಚನೆಯಿಂದಲೇ ತಾರವಾದ ಕಂಠವನ್ನು ಬಲಾತ್ಕಾರದಿಂದ ತಗ್ಗಿಸಿದರೆ ಆಯಾಸವೇ ಫಲ. ಅಂಥವನು ಅಕ್ಷರವ್ಯಕ್ತಿಯನ್ನೂ ಪದಚ್ಛೇದವನ್ನೂ ಸಾಧಿಸಲಿ; ಧೈರ್ಯವನ್ನಂತೂ ಶಿಕ್ಷೆಯೇ ಗುಣವೆಂದು ಹೇಳಿದೆ.