ಘೋರಾದ್ಭುತ ಕಥೆಗಳಿಗಾಗಿ ಒಂದು ಅರಿಕೆ

ಕಳೆದ ವರ್ಷ ನನಗೊಂದು ಹುಚ್ಚು ಹಿಡಿಯಿತು. ಇಂಗ್ಲಿಷ್ ಲೇಖಕ ಟೋಲ್ಕಿನ್ನನ ‘ದ ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಬೃಹತ್ಕಥೆಯನ್ನು ಗೆಳೆಯನೊಬ್ಬನು ನನ್ನ ಕೈಗಿತ್ತದ್ದೇ ಅದಕ್ಕೆ ಕಾರಣ. 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಕೃತಿಯನ್ನು ನಿಘಂಟಿನ ಸಹಾಯದಿಂದ ಹೇಗೋ ಓದಿ ಮುಗಿಸಿದೆ. 2001ರಿಂದ 2003ರವರೆಗೆ ತೆರೆಕಂಡ ಅದರ ಮೂರು ಚಿತ್ರಗಳನ್ನೂ ನೋಡಿದೆ. ಅನಂತರ ನನ್ನ ಬಾಯಲ್ಲಿ ಒಂದೇ ಮಾತು: “ಘೋರವಾಗಿರಬೇಕು, ಅದ್ಭುತವಾಗಿರಬೇಕು, ರಾತ್ರಿಯೆಲ್ಲ ಮುಗಿಯದಷ್ಟು ದೊಡ್ಡದಾಗಿರಬೇಕು. ಅಂಥ ಪುಸ್ತಕವಿದ್ದರೆ ಹೇಳಿ, ಚಿತ್ರವಿದ್ದರೆ ಹೇಳಿ, ಸಂಗೀತವಿದ್ದರೆ ಹೇಳಿ.”

ನಮ್ಮ ಕನ್ನಡ ಅಧ್ಯಾಪಕರು ನಕ್ಕು ಎರಡು ಪುಸ್ತಕಗಳನ್ನು ಸೂಚಿಸಿದರು. ಒಂದು ರನ್ನನ ‘ಗದಾಯುದ್ಧ’. ಹೆಣಗಳ ನಡುವೆ ಹೆಜ್ಜೆಯಿಡುತ್ತ ದುರ್ಯೋಧನನು ತನ್ನವರ ಶವಗಳನ್ನು ಒಂದೊಂದಾಗಿ ಗುರುತಿಸುವ ಭಾಗವನ್ನು ಹಗಲಿನಲ್ಲಿ ಓದಿದರೂ ಮೈ ಜುಮ್ಮೆನ್ನುತ್ತದೆ. ಇನ್ನೊಂದು 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟರೆ ಆ ಹಿಟ್ಟಿನ ಕೋಳಿಯೇ ಕೂಗಿಬಿಡುತ್ತದೆ! ತಾಯಿಯೂ ಮಗನೂ ಆ ಒಂದು ಸಂಕಲ್ಪದ ಪಾಪಕ್ಕೆ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಗಾತ್ರದಲ್ಲಿ ಚಿಕ್ಕ ಕಾವ್ಯವಾದರೂ ಅದರ ಕತ್ತಲು ಚಿಕ್ಕದಲ್ಲ. ಹಳಗನ್ನಡವೆಂದು ಹೆದರುವ ಮಿತ್ರರು ಗದ್ಯಾನುವಾದವನ್ನಾದರೂ ಹಿಡಿಯಲಿ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಇದೇ ಪ್ರಶ್ನೆಯನ್ನು, ತಮಾಷೆಗೆಂದು, ನನ್ನ ತಾತನ ಮುಂದಿಟ್ಟೆ. ನಮ್ಮೂರು ಮಳವಳ್ಳಿ ತಾಲ್ಲೂಕಿನದು. ತಾತ ಎಲೆಯಡಿಕೆ ಅಗಿಯುತ್ತ, “ಅದ್ಕೆ ಇಂಗ್ಲೆಂಡ್‌ಗಂಟ ಯಾಕ್ಲಾ ಓಗ್ಬೇಕು ಮಗ? ಹಲಗೂರ್ ಸಾಲ ಒಂದ್ ದಿವ್ಸಾನಾದ್ರೂ ಕೂತ್ಕಂಡ್ ಕೇಳಿದ್ದೀಯಾ?” ಎಂದರು. ನಾನು ಕೇಳಿರಲಿಲ್ಲ. ನಾಚಿಕೆಯ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ: ನನ್ನ ತಾತ ನೀಲಗಾರರು. ಮಂಟೇಸ್ವಾಮಿಯ ಒಕ್ಕಲಾಗಿ ದೀಕ್ಷೆ ಪಡೆದು, ತಂಬೂರಿ ಹಿಡಿದು ಹಾಡುವವರಿಗೆ ನಮ್ಮ ಸೀಮೆಯಲ್ಲಿ ಆ ಹೆಸರು. ಮಗನಾದರೂ ಜೋಳಿಗೆ ಹಿಡಿಯದಿರಲೆಂದು ನಮ್ಮ ತಂದೆ ನನ್ನನ್ನು ತಂಬೂರಿಯ ಬಳಿ ಸುಳಿಯಗೊಡಲಿಲ್ಲ. ಕಾಲೇಜಿಗೆ ಬಂದ ಮೇಲೆ ನಾನೂ ಆ ವಿಷಯವನ್ನು ಯಾರಿಗೂ ಹೇಳಲಿಲ್ಲ.

ಮಂಟೇಸ್ವಾಮಿ ಕಾವ್ಯದ ಭಾಗಗಳನ್ನು ‘ಸಾಲು’ ಎನ್ನುತ್ತಾರೆ. ಮುಖ್ಯ ಗಾಯಕನದು ತಂಬೂರಿ ಮತ್ತು ಗಗ್ಗರ. ಜೊತೆಯವರು ಡಕ್ಕೆ, ತಾಳ ಹಿಡಿದು ಸೊಲ್ಲು ಕೊಡುತ್ತಾರೆ. ಹಾಡು, ನಡುವೆ ಮಾತು, ಮತ್ತೆ ಹಾಡು, ಹೀಗೆ ರಾತ್ರಿಯಿಡೀ ಕಥೆ ಸಾಗುತ್ತದೆ. ಕಲ್ಯಾಣದ ಸಾಲಿನಲ್ಲಿ ನಾಯಕನು ಪ್ರವೇಶಿಸುವ ರೀತಿಯನ್ನೇ ನೋಡಿ. ಬಸವಣ್ಣನ ಕಲ್ಯಾಣಕ್ಕೆ ಅವನು ಬರುವುದು ನಾರುವ ಮೈಯಲ್ಲಿ, ಸತ್ತ ಕರುವನ್ನು ಹೊತ್ತುಕೊಂಡು. ವೇಷದ ಶರಣರು ಮೂಗು ಮುಚ್ಚಿಕೊಂಡು ಅವನನ್ನು ತಿಪ್ಪೆಗೆ ತಳ್ಳುತ್ತಾರೆ. ಜಗತ್ತಿನ ಒಡೆಯನೇ ತಿಪ್ಪೆಯ ಮೇಲೆ ಬಿದ್ದುಕೊಂಡು, ತನ್ನನ್ನು ಗುರುತಿಸುವವರು ಯಾರೆಂದು ಕಾಯುತ್ತಾನೆ. ಟೋಲ್ಕಿನ್ನನ ಮಾಂತ್ರಿಕನು ಬಿಳಿಯ ಉಡುಪಿನಲ್ಲಿ ಹೊಳೆಯುತ್ತ ಮರಳಿ ಬರುತ್ತಾನೆ. ನಮ್ಮವನ ಸುತ್ತ ನೊಣಗಳು! ನನ್ನ ಅಲ್ಪಮತಿಗೆ ತೋರುವಂತೆ ನಮ್ಮವನೇ ಹೆಚ್ಚು ಭಯಂಕರ.

ಇನ್ನು ಸಿದ್ಧಪ್ಪಾಜಿಯ ಕಥೆ. ಇದರ ಭೂಪಟವೆಲ್ಲ ನಮ್ಮದೇ. ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಮದ್ದೂರಿನ ಬಳಿಯ ನಿಡಘಟ್ಟದಲ್ಲಿ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಬೇಡಿ, ಹೆತ್ತವರಿಂದ ಕಿತ್ತುಕೊಳ್ಳುತ್ತಾನೆ, ಕೆಂಪಾಚಾರಿ ಸಿದ್ಧಪ್ಪಾಜಿಯಾಗುತ್ತಾನೆ. ಗುರುವಿನ ಮಠವಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಆ ಮಠಕ್ಕಾಗಿ ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಬೇಕೆಂದು ಗುರುವಿನ ಅಪ್ಪಣೆ. ಗುರುವು ಕಳಿಸುವುದಾದರೂ ಯಾರನ್ನು? ಕಮ್ಮಾರರ ಬಳಿಗೆ ಕಮ್ಮಾರನ ಮಗನನ್ನೇ! ಅವರು ಭಿಕ್ಷೆಯ ಬದಲು ವಿಷವಿಕ್ಕುತ್ತಾರೆ, ಕಾದ ಕಬ್ಬಿಣವನ್ನು ಒಡ್ಡುತ್ತಾರೆ. ಅವನು ಎಲ್ಲವನ್ನೂ ಗೆಲ್ಲುತ್ತಾನೆ. ಊರು ಅವನ ಶಾಪಕ್ಕೆ ಗುರಿಯಾಗುತ್ತದೆ. ಇಲ್ಲಿ ಒಳ್ಳೆಯವರು ಕೆಟ್ಟವರೆಂದು ಗೆರೆ ಎಳೆಯುವುದು ಸುಲಭವಲ್ಲ. ಮಗನನ್ನು ಕಳೆದುಕೊಂಡ ಮನೆಯ ಅಳುವಿಗೂ ಕಾವ್ಯದಲ್ಲಿ ಎಡೆಯುಂಟು. ಗುರುವಿನ ಕರುಣೆಗಿಂತ ಅವನ ಹಟವೇ ಹೆಚ್ಚು ಕೇಳಿಸುವ ಜಾಗಗಳೂ ಉಂಟು. ಸಿದ್ಧಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರಿನಲ್ಲಿ ಇಂದಿಗೂ ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲವನ್ನು ಹೊತ್ತಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲುವುದೋ ಎಂದು ಸುತ್ತಣ ರೈತರು ನೋಡುತ್ತಾರೆ.

ಹಳ್ಳಿಯ ಹಾಡನ್ನು ಇಂಗ್ಲಿಷ್ ಗ್ರಂಥದ ಪಕ್ಕದಲ್ಲಿಡಬಹುದೇ ಎಂದು ಮಿತ್ರರೊಬ್ಬರು ಕೇಳಿದರು. ಟೋಲ್ಕಿನ್ನನಿಗೇ ಪ್ರಿಯವಾಗಿದ್ದ ಫಿನ್ಲೆಂಡಿನ ‘ಕಲೆವಾಲ’ ಎಲ್ಲಿಂದ ಬಂತು? ಎಲಿಯಾಸ್ ಲೋನ್ರೂಟ್ ಎಂಬ ವೈದ್ಯರು ಹಳ್ಳಿಹಳ್ಳಿ ಅಲೆದು, ಹಾಡುವವರ ಬಾಯಿಂದ ಬರೆದುಕೊಂಡು 1835ರಲ್ಲಿ ಅಚ್ಚು ಹಾಕಿಸಿದರು; 1849ರಲ್ಲಿ ಅದನ್ನು ಹಿಗ್ಗಿಸಿದರು. ಅದರಲ್ಲೂ ಒಬ್ಬ ಮಹಾ ಕಮ್ಮಾರನಿದ್ದಾನೆ, ಇಲ್ಮರಿನೆನ್ ಎಂದು. ಅದರಲ್ಲಿ ಬರುವ ದುರಂತ ವೀರ ಕುಲ್ಲೆರ್ವೊನ ಕಥೆಯನ್ನು ಸಿಬೆಲಿಯಸ್ 1892ರಲ್ಲಿ ವಾದ್ಯಗೋಷ್ಠಿಗೆ ತಂದನು. ಅಂಧಕಾರದ ಸಂಗೀತ ಬೇಕೆನ್ನುವವರು ಅದನ್ನು ಕೇಳಬಹುದು. ಅದಕ್ಕೆ ಮೊದಲು ನಮ್ಮ ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಇವರ ತಂಬೂರಿ ಕಥೆಗಳನ್ನು ಕೇಳಿರೆಂದು ನನ್ನ ವಿನಂತಿ. ದೀಪ ಆರಿಸಿಕೊಂಡು ಕೇಳಿದರೆ ಮತ್ತೂ ಒಳ್ಳೆಯದು.

ಓದುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹೊರತಂದಿರುವ ಮಂಟೇಸ್ವಾಮಿ ಕಾವ್ಯವಿದೆ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ವೂ ಇದೆ. ಮಾದೇಶ್ವರನ ಕಾವ್ಯದಲ್ಲಿ ದೇವತೆಗಳನ್ನೇ ಸೆರೆಯಿಟ್ಟ ಶ್ರವಣನ ಸಂಹಾರ ಒಂದು ಕಡೆ. ಗಂಡ ನೀಲೇಗೌಡ ಕೇಳಿದ ಭಾಷೆಯನ್ನು ಕೊಡಲೊಪ್ಪದೆ ಸಂಕಮ್ಮ ಪಡುವ ಹಿಂಸೆ ಇನ್ನೊಂದು ಕಡೆ. ರಾಕ್ಷಸನಿಗಿಂತ ಆ ಗಂಡನೇ ನನ್ನನ್ನು ಹೆಚ್ಚು ಹೆದರಿಸಿದ. ಹೊಸ ಸಾಹಿತ್ಯದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’. ರಾತ್ರಿ ಜನ ಮಲಗಿದ ಮೇಲೆ ದೀಪಗಳ ಜೋತಮ್ಮಗಳು ಕೂಡಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಆ ಕೃತಿಯನ್ನು ಎಲ್ಲಕ್ಕೂ ಮುಂಚೆ ಓದಬಹುದು. ಚಲನಚಿತ್ರದ ಪಟ್ಟಿ ಮಾತ್ರ ಬಡವು. 1996ರ ‘ಜನುಮದ ಜೋಡಿ’ಯಲ್ಲಿ ಮಾದಪ್ಪನ ಹಾಡು ತೆರೆಗೆ ಬಂತು, ಆದರೆ ಅದು ಪ್ರೇಮಕಥೆ. ಹಲಗೂರಿನ ಕುಲುಮೆಯ ಕಥೆಗೆ ತಕ್ಕ ಚಿತ್ರವನ್ನು ನಾನಿನ್ನೂ ಕಂಡಿಲ್ಲ.

ಈಗ ನನ್ನ ಅರಿಕೆ. ಆ ರಜೆಯಲ್ಲಿ ತಾತ ಮೂರು ರಾತ್ರಿ ಕಲ್ಯಾಣದ ಸಾಲನ್ನು ಹಾಡಿದರು. ನಾನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡೆ. “ಹಲಗೂರ್ ಸಾಲ ಸುಗ್ಗಿ ಕಳೆದ್ಮೇಲೆ ಹಾಡ್ತೀನಿ, ಈಗ ಕೆಮ್ಮು” ಎಂದರು. ಸುಗ್ಗಿಗೆ ಮೊದಲೇ ಅವರು ತೀರಿಕೊಂಡರು. ಅಚ್ಚಾದ ಪುಸ್ತಕದಲ್ಲಿ ಆ ಸಾಲನ್ನು ಓದಿದ್ದೇನೆ. ಆದರೆ ವಿಷವಿಕ್ಕುವ ಜಾಗದಲ್ಲಿ ತಾತ ಗಗ್ಗರವನ್ನು ನಿಲ್ಲಿಸಿ ಕೂತವರನ್ನು ಏನೋ ಕೇಳುತ್ತಿದ್ದರಂತೆ. ಜನ ಒಕ್ಕೊರಲಿನಿಂದ ಉತ್ತರ ಕೊಡುತ್ತಿದ್ದರಂತೆ. ಏನು ಕೇಳುತ್ತಿದ್ದರೆಂದು ನಮ್ಮ ಅಜ್ಜಿಗೆ ಈಗ ನೆನಪಿಲ್ಲ. ಸೊಲ್ಲು ಕೊಡುತ್ತಿದ್ದ ಇಬ್ಬರೂ ಈಗ ಇಲ್ಲ.

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವ ಮಿತ್ರರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮೂರಿನಲ್ಲಿ ಹಲಗೂರು ಸಾಲನ್ನು ಪೂರ್ತಿ ಬಲ್ಲ ನೀಲಗಾರರು ಯಾರಾದರೂ ಇದ್ದರೆ ದಯಮಾಡಿ ತಿಳಿಸಿ. ವಾಚನಾಲಯದ ಮೇಜಿನ ಮೇಲೆ ನನಗಾಗಿ ಒಂದು ಚೀಟಿ ಇಟ್ಟರೂ ಸಾಕು. ಭಾನುವಾರ ನಾನೇ ಬರುತ್ತೇನೆ. ತಾತನ ತಂಬೂರಿ ಗೂಟದಿಂದ ಇಳಿದಿದೆ. ಹೊಸ ತಂತಿ ಕಟ್ಟಿಸಿದ್ದೇನೆ.