ಹೊಸಿಲು ದಾಟಿದ ಜಾವಾಸ್ಕ್ರಿಪ್ಟ್

ಪುಣೆಯ ಹಿಂಜವಡಿ, ಮಗರಪಟ್ಟದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಹೋದವರಿಗೆ ಬರವಿಲ್ಲ. ಅವರಲ್ಲೊಬ್ಬರು ಜಾವಾಸ್ಕ್ರಿಪ್ಟ್ ಬಳಸಿ ಕನ್ನಡದ ಆಮಂತ್ರಣ ಪತ್ರಿಕೆಯೊಂದನ್ನು ಪಿಡಿಎಫ್ ಮಾಡಲು ಕೂತರು ಎನ್ನಿ. ಮೊದಲ ತೊಡಕು ಅರ್ಕಾವತ್ತಿನದು. ‘ಸೂರ್ಯ’ ಎಂದು ಟೈಪಿಸುವಾಗ ರಕಾರ ಮೊದಲು, ಯಕಾರ ಆಮೇಲೆ. ಅಚ್ಚಿನಲ್ಲಿ ಮಾತ್ರ ಯಕಾರ ಮುಂದೆ, ಅರ್ಕಾವತ್ತು ಅದರ ಹಿಂದೆ. ಹಲವು ಸಣ್ಣ ಪಿಡಿಎಫ್ ಲೈಬ್ರರಿಗಳಿಗೆ ಇದು ತಿಳಿಯದು; ಬಂದ ಕ್ರಮದಲ್ಲೇ ಅಕ್ಷರ ಸುರಿದು ಒತ್ತುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತವೆ. ಬಲ್ಲವರು ಆಗ ಮಾಡುವುದು ಒಂದೇ: ಅಕ್ಷರ ಜೋಡಣೆ ಚೆನ್ನಾಗಿ ಗೊತ್ತಿರುವ ಕ್ರೋಮ್ ಬ್ರೌಸರನ್ನು ತೆರೆಮರೆಯಲ್ಲಿ ಎಬ್ಬಿಸಿ, ಪಿಡಿಎಫ್ ಮಾಡುವ ಕೆಲಸವನ್ನು ಅದಕ್ಕೇ ವಹಿಸುವುದು.

ಹೀಗೆ ಹೊರಗಿನ ಪ್ರೋಗ್ರಾಮನ್ನು ಕರೆಯುವ ಅಧಿಕಾರ ಜಾವಾಸ್ಕ್ರಿಪ್ಟ್‌ಗೆ ಹುಟ್ಟಿನಿಂದ ಬಂದದ್ದಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪ ಕಟ್ಟಿದಾಗ ಇದ್ದ ಆಸೆ ಸಣ್ಣದು. ವೆಬ್ ಪುಟಕ್ಕೆ ಒಂದಿಷ್ಟು ಜೀವ ಬಂದರೆ ಸಾಕಿತ್ತು. ಯಾವುದೋ ಊರಿನ ಸರ್ವರ್‌ನಿಂದ ಇಳಿದು ಬರುವ ಕೋಡ್ ನಿಮ್ಮ ಹಾರ್ಡ್ ಡಿಸ್ಕ್ ಮುಟ್ಟಬಾರದು, ನಿಮ್ಮ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸಬಾರದು. ಹಾಗಾಗಿ ಬ್ರೌಸರ್ ಅದನ್ನು ಹೊಸಿಲೊಳಗೇ ಇಟ್ಟುಕೊಂಡಿತು.

ನಿಯಮ ಮುರಿದವರೂ ಇದ್ದರು. 1998ರ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಜೆಸ್ಕ್ರಿಪ್ಟ್ ಯಾವ ಪ್ರೋಗ್ರಾಮನ್ನಾದರೂ ಓಡಿಸಬಹುದಿತ್ತು. ಎರಡೇ ವರ್ಷಕ್ಕೆ, 2000ದ ಮೇ ತಿಂಗಳಲ್ಲಿ, ಅದೇ ವ್ಯವಸ್ಥೆಯ ಬೆನ್ನೇರಿ ‘ಐ ಲವ್ ಯೂ’ ಹುಳು ಜಗತ್ತಿನ ಇಮೇಲ್ ಪೆಟ್ಟಿಗೆಗಳಲ್ಲೆಲ್ಲ ಹರಿದಾಡಿತು. ಅದು ವಿಬಿಸ್ಕ್ರಿಪ್ಟ್‌ನಲ್ಲಿ ಬರೆದದ್ದು ಎಂಬುದೊಂದೇ ಜೆಸ್ಕ್ರಿಪ್ಟ್‌ನ ಪುಣ್ಯ.

ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುವ ವಿಚಾರಕ್ಕೆ ಇದಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ. ಪ್ರೊಸೆಸ್ ಒಂದು, ಅಂದರೆ ಓಡುತ್ತಿರುವ ಪ್ರೋಗ್ರಾಂ, ಕವಲೊಡೆಯುವ ‘ಫೋರ್ಕ್’ ಕಲ್ಪನೆಯನ್ನು ಮೆಲ್ವಿನ್ ಕಾನ್ವೇ 1963ರಲ್ಲೇ ಬರೆದಿದ್ದರು. ಬರ್ಕ್ಲಿಯ ಜೀನೀ ಯೋಜನೆಯಲ್ಲಿ ಅದು ಬಳಕೆಗೂ ಬಂತು. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟುತ್ತಿದ್ದ ಕೆನ್ ಥಾಂಪ್ಸನ್ ಅಲ್ಲಿಂದ ಅದನ್ನು ತಂದರು. ಪಿಡಿಪಿ-7 ಯಂತ್ರದಲ್ಲಿ ಫೋರ್ಕ್‌ಗೆ ಬೇಕಾದದ್ದು ಅಸೆಂಬ್ಲಿ ಭಾಷೆಯ 27 ಸಾಲು ಮಾತ್ರ ಎಂದು ಡೆನಿಸ್ ರಿಚಿ ದಾಖಲಿಸಿದ್ದಾರೆ. 27 ಸಾಲು! ಇಂದು ಒಂದು ಲಾಗಿನ್ ಪುಟಕ್ಕೂ ಅದು ಸಾಲದು. 1973ರಲ್ಲಿ ಡಗ್ ಮೆಕ್ಇಲ್ರಾಯ್ ಪಟ್ಟು ಹಿಡಿದದ್ದರಿಂದ ಪೈಪ್ ಬಂತು. ಒಂದರ ಫಲಿತಾಂಶ ಇನ್ನೊಂದರ ಬಾಯಿಗೆ ಬೀಳತೊಡಗಿದ ಮೇಲೆ ಚಿಕ್ಕಚಿಕ್ಕ ಪ್ರೋಗ್ರಾಮುಗಳನ್ನು ಪೋಣಿಸಿ ಕೆಲಸ ಮಾಡಿಸುವುದೇ ಯುನಿಕ್ಸ್ ಜನರ ರೂಢಿಯಾಯಿತು.

ಈ ಆಸ್ತಿಯೆಲ್ಲ ಜಾವಾಸ್ಕ್ರಿಪ್ಟ್‌ನ ಕೈಗೆ ಸಿಕ್ಕಿದ್ದು ನೋಡ್ ಬಂದ ಮೇಲೆ. ರಯನ್ ಡಾಲ್ 2009ರ ನವೆಂಬರ್‌ನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಅದನ್ನು ತೋರಿಸಿದರು. ಕ್ರೋಮ್‌ನ ವಿ8 ಎಂಜಿನ್ನನ್ನು ಬ್ರೌಸರ್‌ನಿಂದ ಕಿತ್ತು ಸರ್ವರ್‌ನಲ್ಲಿ ಕೂರಿಸಿದ್ದು ಅವರ ಕೆಲಸ. ಆದರೆ ನೋಡ್‌ನಲ್ಲಿ ನಿಮ್ಮ ಕೋಡ್ ಓಡುವುದು ಒಂದೇ ಎಳೆಯಲ್ಲಿ. ಹೊರಗಿನ ಪ್ರೋಗ್ರಾಂ ಮುಗಿಯಲಿ ಎಂದು ಅದು ಕಾಯುತ್ತ ನಿಂತರೆ ಉಳಿದ ಬಳಕೆದಾರರೆಲ್ಲರೂ ನಿಲ್ಲಬೇಕು. ಆದ್ದರಿಂದ ಹೊರಗಿನ ಪ್ರೋಗ್ರಾಂ ಕರೆಯಲು ನೋಡ್‌ನಲ್ಲಿರುವ ಚೈಲ್ಡ್ ಪ್ರೊಸೆಸ್ ಮಾಡ್ಯೂಲ್‌ನಲ್ಲಿ ಮೊದಲು ಕಾಯುವ ಮಾತೇ ಇರಲಿಲ್ಲ. ಮರಿ ಪ್ರೊಸೆಸ್ಸನ್ನು ಹುಟ್ಟಿಸಿ ಮುಂದಿನ ಕೆಲಸಕ್ಕೆ ಹೋಗುವುದು, ಅದು ಏನಾದರೂ ಹೇಳಿದಾಗ ಕಿವಿಗೊಡುವುದು, ಇಷ್ಟೇ. ನಿಂತು ಕಾಯುವ ‘ಎಕ್ಸೆಕ್‌ಸಿಂಕ್’ ಸೇರಿದ್ದು 2015ರ 0.12 ಆವೃತ್ತಿಯಲ್ಲಿ. ಸಣ್ಣ ಸ್ಕ್ರಿಪ್ಟ್ ಬರೆಯುವವರು ಅಷ್ಟು ವರ್ಷ ಗೊಣಗಿದ್ದು ನ್ಯಾಯವೇ.

ವಿಂಡೋಸ್ ಇನ್ನೊಂದು ತಲೆನೋವು. ಅಲ್ಲಿ ಯುನಿಕ್ಸ್ ಮಾದರಿಯ ಫೋರ್ಕ್ ಇಲ್ಲ. ಹೊಸ ಪ್ರೊಸೆಸ್ ಹುಟ್ಟಿಸುವ ರೀತಿಯೇ ಬೇರೆ. ಎರಡನ್ನೂ ಒಂದೇ ಹೊದಿಕೆಯಡಿ ತರಲು 2011ರಲ್ಲಿ ಲಿಬ್‌ಯುವಿ ಎಂಬ ಲೈಬ್ರರಿ ಬಂತು. ನೋಡ್‌ನಲ್ಲೂ ‘ಫೋರ್ಕ್’ ಎಂಬ ಹೆಸರಿದೆ, ಆದರೆ ಅದು ಯುನಿಕ್ಸಿನದಲ್ಲ. ಇನ್ನೊಂದು ನೋಡನ್ನು ಹೊಸದಾಗಿ ಎಬ್ಬಿಸಿ ಇಬ್ಬರ ನಡುವೆ ಮಾತಿನ ದಾರಿ ಹಾಕುತ್ತದೆ. ತಾಯಿ–ಮರಿಗಳ ಮೆಮೊರಿ ಬೇರೆ ಬೇರೆ, ನಡುವೆ ಸಂದೇಶಗಳು ಮಾತ್ರ. ಪುಣೆಗೆ ಈ ಪದ್ಧತಿ ಹೊಸತಲ್ಲ. 1991ರಲ್ಲಿ ವಿಜಯ ಭಟಕರ್ ಮುಂದಾಳತ್ವದಲ್ಲಿ ಅಲ್ಲಿನ ಸಿ-ಡ್ಯಾಕ್ ಸಂಸ್ಥೆ ಕಟ್ಟಿದ ಪರಮ್ 8000 ಸೂಪರ್ ಕಂಪ್ಯೂಟರಿನ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳೂ ತಮ್ಮ ತಮ್ಮ ಮೆಮೊರಿ ಇಟ್ಟುಕೊಂಡು ಸಂದೇಶಗಳಲ್ಲೇ ವ್ಯವಹರಿಸುತ್ತಿದ್ದವು.

ಕನ್ನಡದ ಮಟ್ಟಿಗೂ ಪುಣೆಯ ಋಣ ಸಣ್ಣದಲ್ಲ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ, ಕಾನ್ಪುರದ ಐಐಟಿಯಲ್ಲಿ ಶುರುವಾದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಸಿ-ಡ್ಯಾಕ್‌ನಲ್ಲಿ. ರೆಡ್ ಹ್ಯಾಟ್ 2004ರಲ್ಲಿ ಮುಕ್ತವಾಗಿ ಹೊರತಂದ ಲೋಹಿತ್ ಫಾಂಟ್‌ಗಳ ಮೂಲ ಪುಣೆಯ ಮಾಡ್ಯುಲರ್ ಇನ್ಫೋಟೆಕ್. ಮುಂದೆ ಆ ಕುಟುಂಬಕ್ಕೆ ಕನ್ನಡವೂ ಸೇರಿತು. ಇಂಥ ಫಾಂಟ್‌ಗಳ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಕ್ರೋಮ್‌ನ ಒಳಗೇ ಇದೆ. 2017ರಿಂದ ಕ್ರೋಮ್ ಪರದೆಯಿಲ್ಲದೆಯೂ ಓಡುತ್ತದೆ. ಅದೇ ವರ್ಷ ಬಂದ ಪಪೆಟೀರ್ ಲೈಬ್ರರಿ ಒಳಗಿಂದ ಮಾಡುವುದು ಕ್ರೋಮನ್ನು ಚೈಲ್ಡ್ ಪ್ರೊಸೆಸ್ ಆಗಿ ಎಬ್ಬಿಸುವ ಕೆಲಸವನ್ನೇ. ಹಳೆಯ ಪುಸ್ತಕದ ಪುಟದಿಂದ ಅಕ್ಷರ ಓದಿಸಬೇಕೇ? ಎಚ್‌ಪಿ ಪ್ರಯೋಗಾಲಯದಲ್ಲಿ 1985ರ ಸುಮಾರಿಗೆ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸೆರಾಕ್ಟ್ ಇದೆ, ಕನ್ನಡವೂ ಅದಕ್ಕೆ ಗೊತ್ತು. ಇವುಗಳಲ್ಲಿ ಒಂದನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಮರಳಿ ಬರೆಯಬೇಕಿಲ್ಲ. ನನ್ನ ಎಣಿಕೆಯಲ್ಲಿ ನೋಡ್‌ನ ವೇಗಕ್ಕಿಂತ ದೊಡ್ಡ ಉಪಕಾರ ಇದು.

ಕರೆಯುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಚೈಲ್ಡ್ ಪ್ರೊಸೆಸ್ ಮಾಡ್ಯೂಲ್‌ನ ‘ಎಕ್ಸೆಕ್’ ನೀವು ಕೊಟ್ಟ ಸಾಲನ್ನು ಇಡಿಯಾಗಿ, ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್‌ಗೆ ಒಪ್ಪಿಸುತ್ತದೆ. ಶೆಲ್‌ಗೆ ಅರ್ಧವಿರಾಮ ಎಂದರೆ ಒಂದು ಕಮಾಂಡ್ ಮುಗಿಯಿತು, ಮುಂದಿನದು ಶುರು. ಬಳಕೆದಾರ ಕೊಟ್ಟ ಫೈಲಿನ ಹೆಸರಿನಲ್ಲಿ ಅರ್ಧವಿರಾಮವೂ ಅದರ ಹಿಂದೆ ಎಲ್ಲವನ್ನೂ ಅಳಿಸುವ ಕಮಾಂಡೂ ಇದ್ದರೆ ಅದೂ ಓಡುತ್ತದೆ. ಸಹಿ ಹಾಕಿದ ಕಿರಾಣಿ ಚೀಟಿಯಲ್ಲಿ ಕೆಳಗೆ ಖಾಲಿ ಜಾಗ ಬಿಟ್ಟು ಅಪರಿಚಿತರ ಕೈಗೆ ಕೊಟ್ಟ ಹಾಗೆ. ‘ಸ್ಪಾನ್’, ‘ಎಕ್ಸೆಕ್‌ಫೈಲ್’ ಹಾಗಲ್ಲ. ಪ್ರೋಗ್ರಾಮಿನ ಹೆಸರು ಬೇರೆ, ಅದಕ್ಕೆ ಕೊಡುವ ಮಾತುಗಳ ಪಟ್ಟಿ ಬೇರೆ. ನಡುವೆ ಶೆಲ್ ಬರುವುದಿಲ್ಲ. ಇದಕ್ಕೂ ಒಂದು ಅಪವಾದ 2024ರ ಏಪ್ರಿಲ್‌ನಲ್ಲಿ ಬಯಲಾಯಿತು: ವಿಂಡೋಸ್‌ನಲ್ಲಿ ಬ್ಯಾಚ್ ಫೈಲ್ ಕರೆದರೆ ಶೆಲ್ ಕದ್ದು ನಡುವೆ ಬಂದೇ ಬರುತ್ತಿತ್ತು. ನೋಡ್ ಆ ದಾರಿಯನ್ನು ಮುಚ್ಚಿತು. ಶೆಲ್ ಬೇಕೆಂದು ಬಾಯಿಬಿಟ್ಟು ಹೇಳದ ಹೊರತು ಈಗ ಬ್ಯಾಚ್ ಫೈಲ್ ಓಡುವುದಿಲ್ಲ.

ಸ್ವತಃ ಡಾಲ್ 2018ರಲ್ಲಿ ಅದೇ ಬರ್ಲಿನ್ನಿಗೆ ಹೋಗಿ, ನೋಡ್‌ನಲ್ಲಿ ಸುರಕ್ಷತೆಯನ್ನು ಕಡೆಗಣಿಸಿದ್ದಕ್ಕೆ ವಿಷಾದಪಟ್ಟು ಡೀನೋ ಎಂಬ ಹೊಸದನ್ನು ತೋರಿಸಿದರು. ಅದರಲ್ಲಿ ಹೊರಗಿನ ಪ್ರೋಗ್ರಾಂ ಓಡಿಸಲು ಮೊದಲೇ ಅನುಮತಿ ಬೇಕು. ನೋಡ್ ಕೂಡ 2023ರ 20ನೇ ಆವೃತ್ತಿಯಿಂದ ಇಂಥದ್ದೊಂದು ಅನುಮತಿ ವ್ಯವಸ್ಥೆ ಇಟ್ಟಿದೆ, ಆದರೆ ಕೇಳಿದವರಿಗೆ ಮಾತ್ರ.

ನೋಡ್‌ನಲ್ಲಿ ಕೆಲಸ ಮಾಡುವವರು ತಮ್ಮ ಹಳೆಯ ಕೋಡನ್ನು ಒಮ್ಮೆ ತೆರೆದು ‘ಎಕ್ಸೆಕ್’ ಎಂದು ಹುಡುಕಲಿ. ಅದರ ಪಕ್ಕದಲ್ಲಿ ಬಳಕೆದಾರರಿಂದ ಬಂದ ಒಂದೇ ಒಂದು ಪದವಿದ್ದರೂ ಇಂದೇ ‘ಎಕ್ಸೆಕ್‌ಫೈಲ್’ಗೆ ಬದಲಿಸಲಿ. ಮರಿ ಪ್ರೊಸೆಸ್ ಮುಗಿದಾಗ ಒಪ್ಪಿಸುವ ಸಂಖ್ಯೆಯನ್ನೂ ನೋಡಲಿ. ಸೊನ್ನೆ ಅಲ್ಲದಿದ್ದರೆ ಸಾಮಾನ್ಯವಾಗಿ ಕೆಲಸ ಕೆಟ್ಟಿದೆ ಎಂದೇ ಅರ್ಥ.