ಮಗನಿಗೆ 18 ತುಂಬಿತು, ಇನ್ನು ಯಾರ ಸಹಿ ನಡೀತದೆ?

ಹಲಗೇರಿ (ರಾಣೆಬೆನ್ನೂರ): ‘ನಾವು ಹೋದ ಮ್ಯಾಲೆ ಇವನ್ನ ಯಾರು ನೋಡ್ತಾರ?’ ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಸಾಕಿದ ಮನೆಗಳಲ್ಲಿ ಈ ಮಾತು ಬರದ ದಿನ ಕಡಿಮೆ. ಆದರೆ ತೊಡಕು ಹೆತ್ತವರು ಇರುವಾಗಲೇ ಶುರುವಾಗುತ್ತದೆ. ಮಗನಿಗೆ 18 ತುಂಬಿದ ಕೂಡಲೇ ಕಾನೂನಿನ ಪ್ರಕಾರ ಆತ ವಯಸ್ಕ. ಬ್ಯಾಂಕಿನಲ್ಲಿ ಅವನದೇ ಸಹಿ ಕೇಳ್ತಾರೆ, ಹೊಲದ ವಾರಸಾ ಮಾಡಿಸುವಾಗಲೂ ಅವನದೇ ಸಹಿ. ಅಪ್ಪನ ಸಹಿ ನಡೆಯುವುದಿಲ್ಲ.

ಇಂಥವರಿಗೆಂದೇ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಮೇಲಿನ ಮೂರರ ಜೊತೆಗೆ ಬಹುವಿಧ ಅಂಗವಿಕಲತೆ ಇರುವವರೂ ಇದರಡಿ ಬರುತ್ತಾರೆ. ಇದರಂತೆ ಜಿಲ್ಲಾ ಮಟ್ಟದಲ್ಲಿ ‘ಸ್ಥಳೀಯ ಮಟ್ಟದ ಸಮಿತಿ’ ಇರುತ್ತದೆ. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನರು, ಹೀಗೆ ಮೂವರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. 18 ದಾಟಿದವರಿಗೆ ಪಾಲಕರನ್ನು ನೇಮಿಸುವ ಅಧಿಕಾರ ಈ ಸಮಿತಿಗಿದೆ. ಕೋರ್ಟ್ ಮೆಟ್ಟಿಲು ಹತ್ತಬೇಕಿಲ್ಲ.

ತಂದೆ-ತಾಯಿ ಇಬ್ಬರೂ ಸೇರಿ ಅರ್ಜಿ ಹಾಕಬಹುದು, ಒಬ್ಬರು ತೀರಿಕೊಂಡಿದ್ದರೆ ಇನ್ನೊಬ್ಬರು. ಅಣ್ಣ-ತಮ್ಮ, ಅಕ್ಕ-ತಂಗಿ, ಸಂಬಂಧಿಕರಿಗೂ ಅವಕಾಶವಿದೆ. ಪಾಲಕರಾಗುವುದು ಅಂದ್ರೆ ಆಸ್ತಿ ಕೈಗೆ ಬಂತು ಅಂತಲ್ಲ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಹೊಲ-ಮನೆಯ ಪಟ್ಟಿ ಕೊಡಬೇಕು, ವರ್ಷಾವರ್ಷ ಲೆಕ್ಕ ಒಪ್ಪಿಸಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ, ಆಸ್ತಿ ದುರುಪಯೋಗ ಮಾಡಿಕೊಂಡರೆ ಹೆತ್ತವರು, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ದೂರು ಕೊಟ್ಟು ಪಾಲಕರನ್ನು ತೆಗೆಸಬಹುದು. ಹೊಲ ಪಾಲಾಗುವ ಹೊತ್ತಿಗೆ ದಾಯಾದಿಗಳ ಪ್ರೀತಿ ಹೇಗೆ ಬದಲಾಗುತ್ತದೆ ಅನ್ನೋದು ಊರವರಿಗೆ ಗೊತ್ತಿಲ್ಲದ್ದೇನಲ್ಲ.

ಇದು ಜಿಲ್ಲೆಯ ಮಾತು. ರಾಜ್ಯ ಮಟ್ಟದಲ್ಲಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ರಾಜ್ಯ ಸಲಹಾ ಮಂಡಳಿ ಇರಬೇಕು. ಇಲಾಖೆಯ ಸಚಿವರೇ ಅಧ್ಯಕ್ಷರು, ಆರು ತಿಂಗಳಿಗೊಮ್ಮೆಯಾದರೂ ಸಭೆ. ಇದರಲ್ಲಿ ಸರದಿಯ ಮೇಲೆ ಜಿಲ್ಲೆಗಳ ಐವರಿಗೆ ಸ್ಥಾನವಿದ್ದು, ಆಯಾ ಜಿಲ್ಲಾಡಳಿತದ ಶಿಫಾರಸು ಇಲ್ಲದೆ ಅವರ ನೇಮಕ ಆಗುವುದಿಲ್ಲ. ಅಂದರೆ ಹಾವೇರಿಯ ಸರದಿ ಬಂದಾಗ ಹೆಸರು ಹೋಗಬೇಕಾದದ್ದು ಇಲ್ಲಿಂದಲೇ. ಇಂಥ ಕಡೆ ತಮ್ಮ ಮಾತು ತಾವೇ ಆಡಬಲ್ಲವರಿಗೆ ಮೊದಲು ಜಾಗ ಸಿಗುತ್ತದೆ. ಮಾತೇ ಬಾರದ ಮಕ್ಕಳ ತಾಯಂದಿರೂ ಜಿಲ್ಲಾಡಳಿತದ ಮುಂದೆ ಹೆಸರು ಇಡಬೇಕು.

ಅರ್ಜಿಗೆ ಮೊದಲು ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಇರುತ್ತಾರೆ, ಅವರನ್ನು ಕೇಳಿ. ಮುಂದಿನ ಕೆಲಸಕ್ಕೆ ಹಾವೇರಿಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಬೇಕು. ಮಗನಿಗೆ 17 ನಡೆಯುತ್ತಿರುವಾಗಲೇ ಕಾಗದಪತ್ರ ಜೋಡಿಸಲು ಶುರು ಮಾಡಿದರೆ ಓಡಾಟ ಕಡಿಮೆ.